ಮೂರು ಬಂದರು, ಒಂದು ಗಡಿಗೆ ಮೊಸರು

ಬೆಂಗಳೂರು ಏರ್‌ಪೋರ್ಟ್

ಹೊಸದುರ್ಗದಿಂದ ವಿದೇಶಕ್ಕೆ ಹೋಗಿ ಬಂದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮುದ್ದೆ ಕೋಲನ್ನು ಜೊತೆಗೆ ಒಯ್ದು, ಸಮುದ್ರದ ನಡುವಿನ ದ್ವೀಪದಲ್ಲಿ ಮುದ್ದೆ ತಿರುವಿ, ಅದೇ ಕೋಲನ್ನು ತೊಳೆದು ವಾಪಸ್ಸು ತಂದವನು ನಾನೊಬ್ಬನೇ ಎಂದು ಧೈರ್ಯವಾಗಿ ಬರೆಯುತ್ತೇನೆ. ಇನ್ನೊಬ್ಬರು ಇದ್ದರೆ ಬಂದು ಹೇಳಲಿ, ಕೂರಿಸಿ ಊಟ ಹಾಕುತ್ತೇನೆ.

ನಾನು ಅಡುಗೆ ಕಂಟ್ರಾಕ್ಟರ್ ಬೀರಣ್ಣ. ಹುಟ್ಟಿದ್ದು ಯಲ್ಲದಕೆರೆ ಹತ್ತಿರದ ಹಟ್ಟಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಕುರಿ ಹಿಂದೆ ಹೋದೆ. ಆಮೇಲೆ ಹೊಸದುರ್ಗದ ಒಂದು ಖಾನಾವಳಿಯಲ್ಲಿ ಪಾತ್ರೆ ತೊಳೆಯಲು ಸೇರಿ, ಅಲ್ಲಿಂದ ಒಲೆ ಮುಂದಕ್ಕೆ ಬಂದೆ. ಇವತ್ತು ತಾಲ್ಲೂಕಿನಲ್ಲಿ ಮದುವೆ ನಿಶ್ಚಯ ಮಾಡುವವರು ಮುಹೂರ್ತ ಕೇಳುವುದಕ್ಕಿಂತ ಮೊದಲು ನಾನು ಬಿಡುವಾಗಿದ್ದೀನಾ ಎಂದು ಫೋನ್ ಮಾಡುತ್ತಾರೆ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಸ್ವಲ್ಪ ಜಂಬವೂ ಇದೆ, ಇರಲಿ.

ಚಿತ್ರದುರ್ಗದ ಮಂಜಣ್ಣ ಯಾತ್ರೆ ಬಸ್ ನಡೆಸುತ್ತಾನೆ. ಕಾಶಿಗೆ, ರಾಮೇಶ್ವರಕ್ಕೆ ಅವನ ಬಸ್ಸಿನ ಹಿಂದಿನ ಸೀಟಿನಲ್ಲಿ ಸ್ಟೋವ್ ಇಟ್ಟುಕೊಂಡು ನಾನೂ ಹೋಗಿದ್ದೆ. ಈ ವರ್ಷ ಅವನಿಗೆ ವಿಮಾನದ ಹುಚ್ಚು ಹಿಡಿಯಿತು. ಗ್ರೀಸ್ ದೇಶಕ್ಕೆ ಸೇರಿದ ಕ್ರೀಟ್ ಎಂಬ ದ್ವೀಪಕ್ಕೆ ಟೂರ್ ಹಾಕಿದ.

"ಪ್ಯಾರಿಸ್ಸು, ಸ್ವಿಟ್ಜರ್‌ಲೆಂಡು ಎಲ್ಲಾರೂ ತೋರಿಸ್ತಾರೆ," ಎಂದ. "ನಾವು ದುರ್ಗದ ಜನ, ಕೋಟೆ ಇಲ್ದಿದ್ದ ಊರು ನಮ್ಮ ಕಣ್ಣಿಗೆ ಊರೇ ಅಲ್ಲ. ಅಲ್ಲಿ ಸಮುದ್ರದ ಬಾಯಾಗೇ ಕೋಟೆ ಅವೆ, ಹಳೇ ಹಡಗಿನ ಬಂದರು ಅವೆ. ನೀನು ಬರ್ತೀನಿ ಅನ್ನು ಬೀರಣ್ಣ, ಜನ ತಾವೇ ಬರ್ತಾರೆ. ನೀನಿಲ್ಲ ಅಂದ್ರೆ ಬ್ರೆಡ್ ತಿನ್ನಬೇಕಾಗ್ತದೆ ಅಂತ ಒಬ್ರೂ ಹೆಸರು ಬರಸಲ್ಲ."

ಅವನು ಹೇಳಿದ್ದು ನಿಜವೇ ಆಯಿತು. ಇಪ್ಪತ್ತು ಚಿಲ್ಲರೆ ಜನ ಸೇರಿದರು. ರಾಗಿ ಹಿಟ್ಟು, ಬೇಳೆ, ಸಾಂಬಾರ್ ಪುಡಿ, ಹುಣಸೆಹಣ್ಣು ಎಲ್ಲವನ್ನೂ ಪೆಟ್ಟಿಗೆಗಳಿಗೆ ತುಂಬಿ ಲಗೇಜಿಗೆ ಹಾಕಿದೆ. ಕೋಲನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡೆ. ತಪಾಸಣೆಯ ಹುಡುಗಿಗೆ ಕನ್ನಡ ಬರದು. ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಇದೇನು ಎಂದು ಸನ್ನೆ ಮಾಡಿದಳು. ನಾನು ಎರಡು ಕೈಯಿಂದ ಮುದ್ದೆ ತಿರುವುವ ಹಾಗೆ ತೋರಿಸಿದೆ. ಅವಳು ತಲೆಯಾಡಿಸಿ ಪಕ್ಕದವನಿಗೆ ಏನೋ ಹೇಳಿದಳು. ದೋಣಿಯ ಹುಟ್ಟು ಎಂದುಕೊಂಡಿದ್ದಾಳೆ ಎಂದು ಮಂಜಣ್ಣ ಆಮೇಲೆ ಹೇಳಿದ. ಅಂತೂ ಒಳಗೆ ಬಿಡಲಿಲ್ಲ. ಅವನೇ ಓಡಿಹೋಗಿ ಅದನ್ನು ಲಗೇಜಿಗೆ ಸೇರಿಸಿ ಬಂದ.

ಈ ಗಲಾಟೆಯಲ್ಲಿ ನನ್ನ ಹಿಂದೆ ನಿಂತಿದ್ದವರು ಹೊಳಲ್ಕೆರೆಯ ಪಾರ್ವತಮ್ಮ. ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು, ನೆಟ್ಟಗೆ ನಿಲ್ಲುವವರು. ಜೊತೆಗೆ ಮಗಳು ಶೈಲಜಾ, ಚಿತ್ರದುರ್ಗದಲ್ಲಿ ಬ್ಯಾಂಕಿನ ಕೆಲಸ.

"ಏನಪ್ಪ, ನೀನೇ ಏನು ಅಡುಗೆಯೋನು?"

"ಹೌದಮ್ಮ. ಬೀರಣ್ಣ ಅಂತ."

"ಯಾವ ಪೈಕಿ?"

"ಕುರಿ ಕಾಯೋರಮ್ಮ. ಯಲ್ಲದಕೆರೆ ಕಡೆ ಹಟ್ಟಿಯೋರು."

"ಹಂಗಾ," ಎಂದರು. "ತಪ್ಪು ತಿಳಕಬ್ಯಾಡಪ್ಪ. ನಾನು ನಮ್ಮನೆ ಕೈಯಾಗಿಂದು ಬಿಟ್ಟು ಇನ್ನೊಂದು ಕಡೆ ಉಂಡೋಳಲ್ಲ. ಬುತ್ತಿ ತಂದೀನಿ. ನನಗೇ ಅಂತ ಎಸರು ಇಡಬ್ಯಾಡ, ದಂಡ ಆಗ್ತದೆ."

ಆರೋಗ್ಯ ವಿಚಾರಿಸುವಷ್ಟು ಸಲೀಸಾಗಿ ಇದನ್ನು ಹೇಳಿದರು. ಮಗಳ ಮುಖ ಕೆಂಪಾಯಿತು. "ಅಮ್ಮ, ಇಲ್ಲಿ ಅದೆಲ್ಲ ಯಾಕೆ" ಎಂದು ಗೊಣಗಿದಳು. "ಮುಚ್ಚಿಟ್ಟು ಆಮೇಲೆ ಒಲ್ಲೆ ಅನ್ನೋದಕ್ಕಿಂತ ಮೊದಲೇ ಹೇಳೋದು ಮೇಲು ಕಣೆ" ಎಂದರು ಪಾರ್ವತಮ್ಮ.

"ನಿಮ್ಮ ಇಷ್ಟ ಅಮ್ಮ" ಎಂದೆ. ಬಾಯಿ ಅಂದಿತು. ನನ್ನ ಕೈ ಊಟಕ್ಕೆ ಸಾಲು ನಿಂತವರನ್ನು ನೋಡಿದ್ದೇನೆ, ಎಲೆ ಮುಂದಿನಿಂದ ಎದ್ದು ಹೋದವರನ್ನೂ ಹಳೆಯ ದಿನಗಳಲ್ಲಿ ನೋಡಿದ್ದೇನೆ. ಹಿಂದೆ ಎದ್ದು ಹೋದವರು ಕೊಡುತ್ತಿದ್ದ ಚುಚ್ಚು ಮರೆತೇಹೋಗಿತ್ತು. ವಿಮಾನದ ಸೀಟಿನ ಬೆಲ್ಟು ಹಾಕಿಕೊಳ್ಳುವಾಗ ಅದು ಮತ್ತೆ ಅದೇ ಜಾಗದಲ್ಲಿ ಚುಚ್ಚುತ್ತಿತ್ತು.

ಹಡಗಿನಲ್ಲಿ

ಅಥೆನ್ಸ್‌ನಿಂದ ಕ್ರೀಟ್‌ಗೆ ಹಡಗು. ನಾನು ದೋಣಿ ಎಂದುಕೊಂಡಿದ್ದೆ. ಹೊಟ್ಟೆಯ ಬಾಗಿಲು ತೆರೆದು ಲಾರಿ, ಬಸ್ಸುಗಳನ್ನು ಸಾಲಾಗಿ ನುಂಗಿದ್ದನ್ನು ನೋಡಿದಾಗ ಹೊಸದುರ್ಗದ ಸಂತೆ ಪೂರ್ತಿ ಇದರೊಳಗೆ ಹಿಡಿಯುತ್ತದೆ, ಮೇಲೆ ತೆಂಗಿನಕಾಯಿ ಲಾರಿಗಳಿಗೂ ಜಾಗ ಮಿಗುತ್ತದೆ ಅನ್ನಿಸಿತು.

ಬೆಳಗಾಗುವ ಹೊತ್ತಿಗೆ ಒಂದು ಅವಾಂತರ ಬೆಳಕಿಗೆ ಬಂತು. ಪಾರ್ವತಮ್ಮನವರ ಬುತ್ತಿ ಎಂದರೆ ಒಂದು ಚೀಲದ ತುಂಬ ಕಟಕ್ ರೊಟ್ಟಿ, ಒಂದು ಡಬ್ಬಿ ಚಟ್ನಿಪುಡಿ. ಯಾರೋ ಆ ಚೀಲದ ಮೇಲೆ ಭಾರದ ಸೂಟ್‌ಕೇಸುಗಳನ್ನು ಪೇರಿಸಿದ್ದರು. ತೆರೆದು ನೋಡಿದರೆ ಜೋಳದ ರವೆ. ಆಯಮ್ಮ ಅತ್ತವರಲ್ಲ, ಬೈದವರಲ್ಲ. ಒಂದು ಹಿಡಿ ರವೆಗೆ ಚಟ್ನಿಪುಡಿ ಕಲಸಿ, ಚಮಚದಲ್ಲಿ ತಿಂದು, ನೀರು ಕುಡಿದರು.

"ಇನ್ನು ಎಷ್ಟು ದಿನ ಇದರಾಗೆ?" ಎಂದು ಮಂಜಣ್ಣ ನನ್ನ ಕಿವಿಯಲ್ಲಿ ಕೇಳಿದ. "ಸಕ್ಕರೆ ಕಾಯಿಲೆ ಬೇರೆ ಐತಂತೆ. ಮಾತ್ರೆ ತಗಂಡು ಉಣ್ಲಿಲ್ಲ ಅಂದ್ರೆ ತಲೆ ತಿರುಗಿ ಬೀಳ್ತಾರಂತೆ. ನನ್ನ ಹೆಸರು ಹಾಳು ಮಾಡ್ತಾರೆ ನೋಡು."

"ಹಣ್ಣು ತಿಂತಾರೆ ಬಿಡು."

"ಹಣ್ಣು, ಹಾಲು, ಮೊಸರು ಆಗ್ತದಂತೆ. ಅವಕ್ಕೆ ಯಾರ ಕೈಯಾಗಿದ್ರೂ ದೋಷ ಇಲ್ವಂತೆ."

ಇದು ನಮ್ಮ ಕಡೆ ಇರುವ ಹಳೆಯ ಲೆಕ್ಕ. ಬೆಂದದ್ದಕ್ಕೆ ಕೈ ಮುಖ್ಯ, ಕರೆದ ಹಾಲಿಗೆ ಅಲ್ಲ. ಹಾಲು ಮಾತ್ರ ಹಸುವಿನದೋ ಎಮ್ಮೆಯದೋ ಆಗಿರಬೇಕು. ಆ ಲೆಕ್ಕ ಈ ಪ್ರವಾಸವನ್ನು ಎಲ್ಲಿಗೆ ಮುಟ್ಟಿಸುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಖಾನಿಯಾ

ಖಾನಿಯಾದ ಹಳೇ ಬಂದರು ಒಂದು ಕುಡುಗೋಲಿನ ಆಕಾರದಲ್ಲಿ ಬಾಗಿದೆ. ನೀರಿಗೆ ಮುಖ ಮಾಡಿ ಹಳದಿ, ತಿಳಿಗೆಂಪು ಬಣ್ಣದ ಮಾಳಿಗೆ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ದಡದಲ್ಲೇ ಗುಮ್ಮಟಗಳ ಒಂದು ಹಳೇ ಮಸೀದಿ. ಅದರಾಚೆ ಹಿಂದಿನ ಕಾಲದಲ್ಲಿ ಹಡಗು ಕಟ್ಟುತ್ತಿದ್ದ ದೊಡ್ಡ ದೊಡ್ಡ ಕಮಾನಿನ ಕೊಟ್ಟಿಗೆಗಳು. ವೆನಿಸ್‌ನವರು ಕಟ್ಟಿದರು, ಆಮೇಲೆ ತುರ್ಕರು ಬಂದರು, ಕೊನೆಗೆ ಇವರದೇ ಆಯಿತು ಎಂದು ಗೈಡ್ ಹೇಳಿದ. ನಮ್ಮ ದುರ್ಗದ ಕಥೆಯೂ ಹೀಗೇ. ಕಟ್ಟಿದವರು ಒಬ್ಬರು, ಕಿತ್ತುಕೊಂಡವರು ಒಬ್ಬರು, ಈಗ ಟಿಕೆಟ್ ಕೊಡುವವರು ಇನ್ನೊಬ್ಬರು.

ಬಂದರಿನ ಬಾಯಿಗೆ ಅಡ್ಡವಾಗಿ ಸಮುದ್ರದೊಳಗೆ ಒಂದು ಉದ್ದ ಕಲ್ಲಿನ ಗೋಡೆ, ಅದರ ತುದಿಯಲ್ಲಿ ದೀಪದ ಕಂಬ. ನಾವೆಲ್ಲ ಆ ಗೋಡೆಯ ಮೇಲೆ ನಡೆದೆವು. ನನಗೆ ಹಿರಿಯೂರಿನ ಮಾರಿಕಣಿವೆ ಕಟ್ಟೆಯ ಮೇಲೆ ನಡೆದಂತೆ ಆಯಿತು. ಒಂದು ವ್ಯತ್ಯಾಸ ನಡೆಯುತ್ತಾ ಹೊಳೆಯಿತು. ನಮ್ಮವರು ಗೋಡೆ ಕಟ್ಟಿದ್ದು ನೀರು ಹೊರಗೆ ಹೋಗದಿರಲಿ ಎಂದು, ಇವರು ಕಟ್ಟಿದ್ದು ನೀರು ಒಳಗೆ ಬರದಿರಲಿ ಎಂದು. ನೀರಿಲ್ಲದವರ ಕಷ್ಟ ಒಂದು, ನೀರು ಹೆಚ್ಚಾದವರ ಕಷ್ಟ ಒಂದು. ಕಲ್ಲು ಹೊತ್ತವರ ಬೆನ್ನು ಮಾತ್ರ ಎರಡು ಕಡೆಯೂ ಒಂದೇ ಥರ ನೊಂದಿರಬೇಕು.

ದಡದಲ್ಲಿ ಒಬ್ಬ ಮೀನುಗಾರ ಎಂಟು ಕಾಲಿನ ಮೀನನ್ನು ಹಿಡಿದು ಬಂಡೆಗೆ ಅಗಸರು ಬಟ್ಟೆ ಒಗೆಯುವ ಹಾಗೆ ಎತ್ತಿ ಎತ್ತಿ ಬಡಿಯುತ್ತಿದ್ದ. ಮೆತ್ತಗಾಗಲಿ ಎಂದು ಹಾಗೆ ಬಡಿಯುತ್ತಾರಂತೆ. ಬಡಿದಾದ ಮೇಲೆ ಹಗ್ಗದ ಮೇಲೆ ಒಣಹಾಕಿದ. ಮುದುಕರು ಕುರ್ಚಿ ಹಾಕಿಕೊಂಡು ಜಪಮಣಿಯಂಥ ಸರ ತಿರುಗಿಸುತ್ತಾ ಕೂತಿದ್ದರು. ಯಾವ ದೇವರ ಜಪ ಎಂದು ಶೈಲಜಾ ಕೈಲಿ ಗೈಡನ್ನು ಕೇಳಿಸಿದೆ. ದೇವರೂ ಇಲ್ಲ, ಲೆಕ್ಕವೂ ಇಲ್ಲ, ಕೈಗೆ ಕೆಲಸ ಬೇಕಲ್ಲ ಎಂದು ತಿರುಗಿಸುತ್ತಾರಂತೆ. ಒಂದು ಲೋಟ ಕಾಫಿಯನ್ನು ಇಡೀ ಮುಂಜಾನೆ ಕುಡಿಯುತ್ತಾರೆ. ಹೊಸದುರ್ಗದ ಹೋಟೆಲಿನಲ್ಲಿ ಹಾಗೆ ಕೂತರೆ ಸಪ್ಲೈಯರ್ ಬಂದು ಟೇಬಲ್ ಒರೆಸಿ ಒರೆಸಿ ಎಬ್ಬಿಸುತ್ತಿದ್ದ.

ನಾವು ಇಳಿದದ್ದು ಎಲೆನಿ ಎಂಬ ಹೆಂಗಸಿನ ವಸತಿಗೃಹದಲ್ಲಿ. ದಪ್ಪ ತೋಳು, ಮುಂದಲೆಗೆ ಬಟ್ಟೆ ಕಟ್ಟಿದ ಗಟ್ಟಿ ಹೆಂಗಸು. ಅಡುಗೆಮನೆಯ ಅರ್ಧವನ್ನು ನನಗೆ ಬಿಟ್ಟುಕೊಟ್ಟಳು. ಅವಳಿಗೆ ನನ್ನ ಭಾಷೆ ಬರದು, ನನಗೆ ಅವಳದು. ಆದರೆ ಈರುಳ್ಳಿ ಹೆಚ್ಚುವುದನ್ನು ನೋಡಿ ಇವನು ಕಸುಬುದಾರ ಎಂದು ಅವಳಿಗೆ ಗೊತ್ತಾಯಿತು, ಸೊಪ್ಪು ಸೋಸುವುದನ್ನು ನೋಡಿ ಇವಳು ಮನೆತನಸ್ಥೆ ಎಂದು ನನಗೆ ಗೊತ್ತಾಯಿತು. ಗುಡ್ಡದಲ್ಲಿ ಆರಿಸಿ ತಂದ ಹತ್ತಾರು ಥರದ ಸೊಪ್ಪು ಅದು, ನಮ್ಮ ಹೆಂಗಸರು ಹೊಲದ ಬದುವಿನಲ್ಲಿ ಕೊಯ್ಯುವ ಬೆರಕೆ ಸೊಪ್ಪಿನ ಹಾಗೆಯೇ. ನಾನು ಅದನ್ನು ಬೇಳೆಗೆ ಹಾಕಿ ಬಸಿದು ಸಾರು ಮಾಡಿದೆ, ಮುದ್ದೆ ತಿರುವಿದೆ. ಎಲೆನಿ ಒಂದು ಮುದ್ದೆಯನ್ನು ಕೈಯಲ್ಲಿ ಹಿಡಿದು ತೂಕ ನೋಡಿದಳು, ಮೂಸಿದಳು, ಕಚ್ಚಿ ಅಗಿಯತೊಡಗಿದಳು. ನುಂಗಬೇಕು ಎಂದು ಗಂಟಲು ತೋರಿಸಿ ಹೇಳಿದೆ. ನುಂಗಿದಳು. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ತುತ್ತು ಮುರಿದಳು. ಆವತ್ತಿನಿಂದ ಅವಳು ನಮ್ಮವಳು.

ಊಟವಾದ ಮೇಲೆ ಅವಳ ಕಡೆಯಿಂದ ಮರ್ಯಾದೆ. ಸಣ್ಣ ಗಾಜಿನ ಲೋಟದಲ್ಲಿ ನೀರಿನಂಥದ್ದು. ಮಂಜಣ್ಣ ಓಂಕಾಳು ನೀರು ಎಂದುಕೊಂಡು ಗಟಗಟ ಎರಡು ಲೋಟ ಇಳಿಸಿದ. ಅದು ದ್ರಾಕ್ಷಿ ಸಾರಾಯಿ. ಸಾಯಂಕಾಲದವರೆಗೆ ಅವನು ಬಂದರಿನಲ್ಲಿ ಕಂಡ ಪ್ರತಿ ಬೆಕ್ಕಿಗೂ "ಬರ್ರಿ, ಕುಂತ್ಕಳ್ರಿ" ಎನ್ನುತ್ತಿದ್ದ. ಆ ಊರಿನಲ್ಲಿ ಬೆಕ್ಕುಗಳು ಬಹಳ.

ಮಾರನೇ ಬೆಳಗ್ಗೆ ಎಲೆನಿ ತಿಂಡಿಯ ಮೇಜಿಗೆ ಒಂದು ಮಣ್ಣಿನ ಗಡಿಗೆ ತಂದಿಟ್ಟಳು. ಗಟ್ಟಿ ಮೊಸರು, ಮೇಲೆ ಹಳದಿ ಕೆನೆ, ಚಮಚ ನೆಟ್ಟರೆ ನೆಟ್ಟಗೆ ನಿಲ್ಲುವಂಥದ್ದು. ಪಾರ್ವತಮ್ಮ ಒಂದು ಬಟ್ಟಲು ಹಾಕಿಸಿಕೊಂಡರು. ಒಂದು ಚಮಚ ಬಾಯಿಗೆ ಇಟ್ಟವರೇ ಬಟ್ಟಲು ಬರಿದು ಮಾಡಿದರು. ಮತ್ತೊಂದು ಬಟ್ಟಲು ಕೇಳಿದರು.

"ಶೈಲಾ, ನಮ್ಮನ್ಯಾಗೆ ಕರೀ ಎಮ್ಮೆ ಇತ್ತಲ್ಲ, ನೀನು ಸಣ್ಣೋಳಿದ್ದಾಗ? ಅದರ ಮೊಸರು ಹಿಂಗೇ ಇರ್ತಿತ್ತು. ಎಷ್ಟು ವರ್ಷ ಆಗಿತ್ತು ಇಂಥದ್ದು ತಿಂದು."

ಕುತೂಹಲಕ್ಕೆ ನಾನೂ ಗಡಿಗೆಯಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡೆ.

ನಾನು ಕಣ್ಣು ಮುಚ್ಚಿ ಹೇಳಬಲ್ಲ ಒಂದು ರುಚಿ ಇದ್ದರೆ ಅದು ಇದೇ. ಹಟ್ಟಿಯ ರೊಪ್ಪದ ಬೇಲಿಯ ಪಕ್ಕ ಅವ್ವ ಸಣ್ಣ ಗಡಿಗೆಗೆ ಹಾಲು ಕರೆದು, ಹೆಪ್ಪು ಹಾಕಿ, ತಂಗಳು ಮುದ್ದೆಗೆ ಹಾಕಿ ಕೊಡುತ್ತಿದ್ದ ರುಚಿ. ಅಡುಗೆಮನೆಗೆ ಹೋಗಿ ಎಲೆನಿಯ ಮುಂದೆ ನಿಂತು, ಖಾತ್ರಿ ಮಾಡಿಕೊಳ್ಳಲು, "ಬ್ಯಾ" ಎಂದೆ. ಅವಳು ನಕ್ಕು, ಕಿಟಕಿಯಾಚೆಯ ಬೆಟ್ಟ ತೋರಿಸಿ, ತಾನೂ "ಬ್ಯಾ" ಎಂದಳು. ಕುರಿ ಹಾಲು. ಅವಳ ಅಣ್ಣಂದಿರು ಕುರಿ ಕಾಯುವವರಂತೆ, ಬೆರಳಿನಲ್ಲಿ ಎಣಿಸಿ, ಕೋಲು ಹಿಡಿದ ಹಾಗೆ ಮಾಡಿ ತೋರಿಸಿದಳು.

ಮೊದಲು ನನಗೆ ಬಂದದ್ದು ಖುಷಿ. ಎಂಥ ಖುಷಿ ಎಂದರೆ, ಸಮುದ್ರ ದಾಟಿ ಬಂದು ನೆಂಟರ ಮನೆಯ ಬಾಗಿಲು ತಟ್ಟಿದ ಹಾಗೆ. ನಮ್ಮ ಜನ ಎಲ್ಲೆಲ್ಲಿ ಇದ್ದಾರೆ ನೋಡಿ. ಎರಡನೆಯದಾಗಿ ಬಂದದ್ದು ಬೇರೆ. ನನ್ನ ಕೈಯ ಅನ್ನ ಬೇಡ ಎಂದ ಆಯಮ್ಮ ಒಳಗೆ ಕೂತು ಕುರಿಯವರ ಗಡಿಗೆಯನ್ನು ಕೆರೆದು ಕೆರೆದು ತಿನ್ನುತ್ತಿದ್ದಾರೆ. ನಾನು ಹೋಗಿ ಒಂದು ಮಾತು ಅಂದರೆ ಸಾಕು.

ಮಂಜಣ್ಣನಿಗೆ ಹೇಳಿದೆ. ಅವನಲ್ಲಿ ಉಳಿದಿದ್ದ ನಿನ್ನೆಯ ಅಮಲೂ ಒಂದೇ ಸಲಕ್ಕೆ ಇಳಿಯಿತು.

"ಲೇ, ಕೈ ಮುಗಿತೀನಿ, ಬಾಯಿ ಬಿಡಬ್ಯಾಡ. ಅದೊಂದನ್ನಾದ್ರೂ ತಿಂತಾ ಅದಾರೆ. ಅದನ್ನೂ ಬಿಟ್ರೆ ಬರೀ ಹಣ್ಣು. ಬಿದ್ದುಗಿದ್ದರೆ ಈ ದೇಶದಾಗೆ ಯಾವ ಆಸ್ಪತ್ರೆಗೆ ಹೊತ್ಕಂಡು ಹೋಗಾಣ?"

"ಗೊತ್ತಿದ್ದೂ ತಿನ್ನಿಸೋದು ಸರೀನಾ?"

"ನೀನು ತಿನ್ನಿಸ್ತಿಲ್ಲ. ಆಯಮ್ಮನೇ ತಿಂತಾ ಅದಾರೆ."

ಆ ಹೊತ್ತಿಗೆ ಅದು ನನಗೂ ಸರಿ ಅನ್ನಿಸಿತು.

ರೆಥಿಮ್ನೊ

ಇಲ್ಲಿಯ ಬಂದರು ಖಾನಿಯಾದ ತಂಗಿ. ಒಂದು ಕಲ್ಯಾಣಿಯಷ್ಟೇ ದೊಡ್ಡದು. ಮೀನಿನ ದೋಣಿಗಳು ನಮ್ಮ ಬಸ್ ಸ್ಟ್ಯಾಂಡಿನ ಬೈಕುಗಳ ಹಾಗೆ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಊರ ನಡುವೆ ಕಲ್ಲಿನ ಸಿಂಹದ ಬಾಯಿಂದ ನೀರು ಬೀಳುವ ಒಂದು ಹಳೇ ನಲ್ಲಿ. ಪಾರ್ವತಮ್ಮ ಅದರಲ್ಲಿ ಕಾಲು ತೊಳೆಯಲು ಹೋಗಿ ಜನರೆಲ್ಲ ತಿರುಗಿ ನೋಡುವಂತಾಯಿತು. "ಊರಿಗೆ ಬಂದೋರು ಕಾಲು ತೊಳೀಲಿ ಅಂತಲ್ಲೇನು ನಲ್ಲಿ ಇಡೋದು?" ಎಂದು ಅವರು ಮಗಳಿಗೇ ಗದರಿದರು. ನನಗೇನೋ ಅವರ ಮಾತೇ ನ್ಯಾಯ ಅನ್ನಿಸಿತು.

ಬಂದರಿನ ಮೇಲೆ ಗುಡ್ಡದಲ್ಲಿ ಕೋಟೆ. ಗೈಡ್ ಬಹಳ ಹೊಗಳಿದ. ನಾನು ಸುತ್ತು ಹಾಕಿ ಬಂದು ನನ್ನ ತೀರ್ಮಾನ ಕೊಟ್ಟೆ. ಗೋಡೆ ದಪ್ಪ ಇದೆ, ಒಪ್ಪಿದೆ. ಆದರೆ ಒಂದೇ ಸುತ್ತು. ನಮ್ಮದು ಏಳು ಸುತ್ತು. ನಮ್ಮವರು ಬಂಡೆಯನ್ನು ಬಂಡೆಯಾಗಿಯೇ ಬಿಟ್ಟು ಅದರ ಸಂದಿಗೆ ಗೋಡೆ ಹೊಲಿದರು, ಎಲ್ಲಿ ದೇವರು ಮಾಡಿದ್ದು ಮುಗಿಯಿತು, ಎಲ್ಲಿ ಮನುಷ್ಯ ಮಾಡಿದ್ದು ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಇದನ್ನು ಗೈಡ್‌ಗೆ ತಿಳಿಸಲು ಶೈಲಜಾಗೆ ಹೇಳಿದೆ. ಅವಳು ಇಂಗ್ಲಿಷಿನಲ್ಲಿ ಏನು ಹೇಳಿದಳೋ, ಅವನು ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ. ಪಾರ್ವತಮ್ಮ ಹಿಂದಿನಿಂದ "ಸರಿಯಾಗಿ ಹೇಳಿದಿ ಕಣಪ್ಪ" ಎಂದರು. ಕೋಟೆಯ ವಿಷಯದಲ್ಲಿ ನಾವಿಬ್ಬರೂ ಒಂದೇ ಪೈಕಿ.

ಮಧ್ಯಾಹ್ನ ಈ ಊರು ಬಾಗಿಲು ಹಾಕಿಕೊಂಡು ಮಲಗುತ್ತದೆ. ಅಂಗಡಿಯವನು ಗಿರಾಕಿಯ ಎದುರಿಗೇ ಬಾಗಿಲೆಳೆದು ಮನೆಗೆ ಹೋಗುತ್ತಾನೆ, ಗಿರಾಕಿಗೂ ಬೇಜಾರಿಲ್ಲ. ಅಷ್ಟರೊಳಗೆ ಸಾಮಾನು ತರಬೇಕೆಂದು ಹೊರಟಿದ್ದೆ. ಪಾರ್ವತಮ್ಮ ಕರೆದರು.

"ಬೀರಣ್ಣ, ಆ ಮೊಸರು ಇಲ್ಲೂ ಸಿಗುತ್ತೇನೋ ನೋಡಪ್ಪ. ನಿನ್ನೆ ತಿಂದಿದ್ದೇ ಬೇಕು, ಗಡಿಗೆಯಾಗೆ ಇರೋದು."

ಇಲ್ಲಿಯವರೆಗೆ ಎಲೆನಿ ಇಟ್ಟಳು, ಅವರು ತಿಂದರು. ಈಗ ತರುವ ಕೈ ನನ್ನದಾಯಿತು. ಅಂಗಡಿಯಲ್ಲಿ ಎರಡು ಥರದ್ದು ಇತ್ತು. ಒಂದು ಗಡಿಗೆಯದು, ಇನ್ನೊಂದು ಡಬ್ಬಿಯದು, ಡಬ್ಬಿಯ ಮೇಲೆ ಹಸುವಿನ ಚಿತ್ರ. ಅದನ್ನೇ ತಂದು ಕೊಟ್ಟು ನಿರಾಳವಾದೆ. ಹತ್ತು ನಿಮಿಷಕ್ಕೆ ಶೈಲಜಾ ಡಬ್ಬಿ ಹಿಡಿದು ಅಡುಗೆಮನೆಗೆ ಬಂದಳು.

"ಅಮ್ಮ ಇದು ಸುಣ್ಣದ ನೀರು ಅಂತಿದಾರೆ ಬೀರಣ್ಣಾರೆ. ಅದೇ ಬೇಕಂತೆ. ಬೆಳಗ್ಗೆಯಿಂದ ಏನೂ ತಿಂದಿಲ್ಲ, ಕೈ ನಡುಗ್ತಾ ಐತೆ."

ಓಡಿದೆ. ಬಾಗಿಲೆಳೆಯುತ್ತಿದ್ದ ಅಂಗಡಿಯವನ ಕೈ ಹಿಡಿದು ಗಡಿಗೆ ತೋರಿಸಿದೆ. ತಂದು ಬಾಗಿಲ ಹತ್ತಿರ ಇಟ್ಟೆ. ತಿಂದು ಮುಖಕ್ಕೆ ಕಳೆ ಬಂದ ಮೇಲೆ ಆಯಮ್ಮ ನನ್ನನ್ನು ಕೂರಿಸಿಕೊಂಡು ವಿಚಾರಣೆ ಶುರುಮಾಡಿದರು.

"ಇಲ್ಲಿ ಎಮ್ಮೆ ಒಂದೂ ಕಣ್ಣಿಗೆ ಬೀಳಲಿಲ್ಲವಲ್ಲಪ್ಪ. ಎಲ್ಲಿ ಕಟ್ತಾರೆ?"

"ಕಟ್ಟಲ್ಲ ಅಮ್ಮ. ಗುಡ್ಡದ ಮೇಲೆ ಮೇಯ್ತವೆ."

"ಏನು ಮೇವು ಹಾಕ್ತಾರೋ, ಮೊಸರಿಗೆ ಒಳ್ಳೇ ಘಮ ಐತೆ."

"ಬರೀ ಗುಡ್ಡದ ಗಿಡ ಅಮ್ಮ."

"ಹಿಂಡಿ ಹಾಕಿದ್ರೆ ಈ ರುಚಿ ಬರಲ್ಲ," ಎಂದು ಅವರೇ ತೀರ್ಮಾನ ಮಾಡಿದರು. "ಸಾಕಿದೋರು ಪುಣ್ಯವಂತರು ಬಿಡು."

ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೂ ಎದ್ದು ಬರುವಾಗ ಕಳ್ಳನ ಹಾಗೆ ಬಂದೆ. ಸಾಕಿದೋರು ಪುಣ್ಯವಂತರು ಎಂದ ಮಾತು ನನ್ನ ಅಪ್ಪ ಅವ್ವನಿಗೆ ಸಲ್ಲಬೇಕಾದದ್ದು. ಅದನ್ನು ನಾನು ಬಗಲಲ್ಲಿ ಅಡಗಿಸಿಕೊಂಡು ಬಂದಿದ್ದೆ. ಕುರಿ ಕಾಯೋರು ಎಂದು ಏರ್‌ಪೋರ್ಟಿನಲ್ಲಿ ತಲೆ ಎತ್ತಿ ಹೇಳಿದ ಬಾಯಿ ಇಲ್ಲಿ ಕುರಿಯ ಹೆಸರು ಹೇಳಲು ಹೆದರುತ್ತಿತ್ತು.

ಹೆರಾಕ್ಲಿಯನ್

ದೊಡ್ಡ ಊರು. ಬಂದರಿನ ಒಂದು ಕಡೆ ಈಗಿನ ಕಾಲದ ಭಾರೀ ಹಡಗುಗಳು, ಇನ್ನೊಂದು ಕಡೆ ಹಳೇ ಬಂದರು. ಅದರ ಬಾಯಲ್ಲಿ ಸಮುದ್ರಕ್ಕೇ ಕಾಲಿಟ್ಟು ನಿಂತ ಒಂದು ಚೌಕ ಕೋಟೆ. ಬಾಗಿಲ ಮೇಲೆ ರೆಕ್ಕೆಯ ಸಿಂಹವನ್ನು ಕೆತ್ತಿದ್ದಾರೆ. ಸಿಂಹಕ್ಕೆ ರೆಕ್ಕೆ ಯಾಕೆ ಎಂದು ನಮ್ಮವರು ನಕ್ಕರು. ನಾವು ಹಕ್ಕಿಗೆ ಎರಡು ತಲೆ ಇಟ್ಟು ಬಸ್ಸಿನ ಮೇಲೆಲ್ಲ ಬರೆಸಿಕೊಂಡಿದ್ದೇವೆ, ನಾವು ನಗಬಾರದು ಎಂದೆ.

ಆದರೆ ಆವತ್ತು ಬೆಳಗ್ಗೆಯೇ ನನ್ನ ಮನಸ್ಸು ಕೆಟ್ಟಿತ್ತು. ಬಿಸಿನೀರು ಕೊಡಲು ಪಾರ್ವತಮ್ಮನವರ ರೂಮಿಗೆ ಹೋಗಿದ್ದೆ. ಬಾಗಿಲು ತೆರೆದಿತ್ತು. ಆಯಮ್ಮ ನೆಲದ ಮೇಲೆ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು. ಪಕ್ಕದಲ್ಲಿ ಬೆಳ್ಳಿ ಬಟ್ಟಲು. ಅದರಲ್ಲಿ ಗಡಿಗೆಯ ಮೊಸರು. ಲಿಂಗಕ್ಕೆ ತೋರಿಸಿ, ಕಣ್ಣಿಗೆ ಒತ್ತಿಕೊಂಡು, ಆಮೇಲೆ ಬಾಯಿಗೆ ಇಟ್ಟರು. ಹೀಗೆ ಮಾಡುತ್ತಾರೆ ಎಂದು ಗೊತ್ತಿಲ್ಲದ್ದೇನಲ್ಲ. ಕಣ್ಣಿಂದ ನೋಡಿರಲಿಲ್ಲ.

ಹೊಟ್ಟೆಗೆ ತಿನ್ನುವುದನ್ನು ಮುಚ್ಚಿಡುವುದು ಒಂದು. ದೇವರ ಮುಂದೆ ಇಡುವುದನ್ನು ಮುಚ್ಚಿಡುವುದು ಇನ್ನೊಂದು. ನನ್ನ ಅಡುಗೆಯ ಕಾಲದಲ್ಲಿ ಎಲೆಯ ಮೇಲೆ ಏನಿದೆ ಎಂದು ಕೇಳಿದವರಿಗೆ ಇದ್ದದ್ದನ್ನೇ ಹೇಳಿದ್ದೇನೆ. ಎಣ್ಣೆ ಕಡಿಮೆ ಬಿದ್ದರೆ ಕಡಿಮೆ ಎಂದಿದ್ದೇನೆ. ಅದರಿಂದಲೇ ನನಗೆ ಹೆಸರು. ಬಿಸಿನೀರನ್ನು ಹೊಸ್ತಿಲ ಹತ್ತಿರ ಇಟ್ಟು ಬಂದು ಮಂಜಣ್ಣನಿಗೆ ಹೇಳಿದೆ, ಇವತ್ತು ಹೇಳಿಬಿಡುತ್ತೇನೆ ಎಂದು.

"ಇನ್ನೇನು ಊರಿಗೆ ಹೋಗೋ ಹೊತ್ತು, ಈಗ ಯಾಕೋ?"

"ಹೋದ ಮೇಲೆ ಹೇಳಕ್ಕಾಗಲ್ಲ."

"ಬೈತಾರೆ."

"ಬೈಲಿ."

"ಊಟ ಬಿಡ್ತಾರೆ ಕಣೋ."

ನಾನು ಹಾಟ್‌ಬಾಕ್ಸಿಗೆ ಅನ್ನ ತುಂಬತೊಡಗಿದೆ.

ಮಧ್ಯಾಹ್ನದ ಊಟ ಕೋಟೆಯ ಪಕ್ಕ, ಬಂದರಿನ ಗೋಡೆಯ ಮೇಲೆ. ಹಾಟ್‌ಬಾಕ್ಸಿನಲ್ಲಿ ಅನ್ನ, ಸೊಪ್ಪಿನ ಸಾರು ತಂದಿದ್ದೆ. ಗಾಳಿ ಜೋರಿತ್ತು, ಎಲ್ಲರೂ ಪ್ಲೇಟಿನ ಮೇಲೆ ಬಗ್ಗಿ ಉಣ್ಣುತ್ತಿದ್ದರು. ಪಾರ್ವತಮ್ಮ ಸ್ವಲ್ಪ ದೂರದಲ್ಲಿ ಗಡಿಗೆ ಮುಂದಿಟ್ಟುಕೊಂಡು ಕೂತಿದ್ದರು. ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ.

"ಅಮ್ಮ, ಒಂದು ಮಾತು. ಆ ಮೊಸರು ಎಮ್ಮೇದಲ್ಲ."

"ಹಸೂದಾ? ಹಸೂದು ಇಷ್ಟು ಗಟ್ಟಿ ಬರಲ್ಲ."

"ಹಸೂದೂ ಅಲ್ಲ. ಕುರಿ ಹಾಲಿಂದು. ಖಾನಿಯಾದಾಗೆ ಮೊದಲನೇ ದಿನದಿಂದ್ಲೂ ಕುರೀದೇ. ನನಗೆ ಗೊತ್ತಿತ್ತು. ನೀವು ಅದನ್ನೂ ಬಿಟ್ರೆ ಉಪವಾಸ ಬೀಳ್ತೀರಿ ಅಂತ ಸುಮ್ಮನಿದ್ದೆ. ಬೆಳಗ್ಗೆ ಪೂಜೆಗೆ ಇಟ್ಟಿದ್ದು ನೋಡಿದೆ. ಇನ್ನು ಸುಮ್ಮನಿರಕ್ಕೆ ಆಗಲಿಲ್ಲ."

ಚಮಚ ಬಟ್ಟಲಿನಲ್ಲೇ ನಿಂತಿತು. ಶೈಲಜಾ ಓಡಿಬಂದಳು. "ಈಗ ಯಾಕೆ ಹೇಳಿದ್ರಿ ಬೀರಣ್ಣಾರೆ? ಮಾತ್ರೆ ತಗಂಡಾಗಿದೆ" ಎಂದಳು. ಮಂಜಣ್ಣ ದೂರದಿಂದಲೇ ತಲೆಯ ಮೇಲೆ ಕೈ ಇಟ್ಟುಕೊಂಡ. ಪಾರ್ವತಮ್ಮ ಇಬ್ಬರ ಕಡೆಗೂ ನೋಡಲಿಲ್ಲ. ಸಮುದ್ರದ ಕಡೆ ತಿರುಗಿ ಕೂತರು. ಅಲೆ ಬಂದು ಕೋಟೆಯ ಗೋಡೆಗೆ ಹೊಡೆದು ಹನಿ ನಮ್ಮ ಮೇಲೂ ಬಿತ್ತು. ಮುಖ ಒರೆಸಿಕೊಳ್ಳಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಏಳಲೂ ಆರದೆ ಕೂರಲೂ ಆರದೆ ಇದ್ದೆ.

ಸಮುದ್ರ ನೋಡುತ್ತಲೇ ಕೇಳಿದರು.

"ನಿಮ್ಮ ಹಟ್ಟ್ಯಾಗೂ ಮಾಡ್ತಾರೇನು ಇದನ್ನ?"

"ನಾನು ಸಣ್ಣೋನಿದ್ದಾಗ ನಮ್ಮವ್ವ ಮಾಡ್ತಿದ್ಲು. ಮರಿಗೆ ಬಿಟ್ಟು ಮಿಕ್ಕಿದ್ರೆ."

"ಹಿಂಗೇ ಇರ್ತಿತ್ತಾ?"

"ಇದಕ್ಕಿಂತ ಚೆನ್ನಾಗಿರ್ತಿತ್ತು," ಎಂದೆ. ಆ ಹೊತ್ತಿನಲ್ಲೂ ಅದೊಂದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಆಯಮ್ಮನ ತುಟಿ ಸ್ವಲ್ಪ ಅಲುಗಿತು. "ದೇವರಿಗೆ ಇಡ್ತಿದ್ರಾ?"

"ಮೊದಲು ಬೀರಪ್ಪಗೆ. ಆಮೇಲೆ ನಮಗೆ."

ಆಯಮ್ಮ ಎದೆಯ ಮೇಲಿನ ಸೀರೆಯ ಸೆರಗಿನೊಳಗೆ ಕೈ ಹಾಕಿ ಲಿಂಗವನ್ನು ಮುಟ್ಟಿಕೊಂಡರು. ಇನ್ನು ಎದ್ದು ಹೋಗಿ ಬಾಯಿ ತೊಳೆದುಕೊಳ್ಳುತ್ತಾರೆ ಎಂದು ನಾನು ನೀರಿನ ಬಾಟಲಿ ಹತ್ತಿರ ಸರಿಸಿದೆ.

"ಖಾನಿಯಾದಿಂದ ದಿನಾ ಅರ್ಪಿಸೀನಿ," ಎಂದರು, ನನಗಲ್ಲ, ತಮ್ಮಷ್ಟಕ್ಕೆ. "ಒಂದು ದಿನಾನೂ ಒಲ್ಲೆ ಅನ್ನಲಿಲ್ಲ ಅದು."

ಆಮೇಲೆ ನನ್ನ ಕಡೆ ತಿರುಗಿದರು.

"ಅನ್ನ ಐತಾ?"

ನಾನು ನೀರಿನ ಬಾಟಲಿಯನ್ನೇ ಮುಂದೆ ಚಾಚಿದೆ.

"ಬರೀ ಮೊಸರು ಎಷ್ಟು ಅಂತ ತಿನ್ನಲಿ? ನಾಲಿಗೆ ಜಡ್ಡು ಹಿಡಿದೈತೆ. ಐತಾ ಇಲ್ವಾ ಹೇಳು."

"ಐತಮ್ಮ."

ಹಾಟ್‌ಬಾಕ್ಸಿನ ಹತ್ತಿರ ಹೋದವನಿಗೆ ಸೌಟು ಹಿಡಿಯುವುದು ಮರೆತಂತೆ ಆಯಿತು. ಸಾವಿರ ಎಲೆಗೆ ಬಡಿಸಿದ ಕೈ ಇದು. ಎಲ್ಲರೂ ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದರು, ನೋಡದವರ ಹಾಗೆ. ಎರಡು ಸೌಟು ಅನ್ನ ಬಟ್ಟಲಿಗೆ ಹಾಕಿದೆ. ಆಯಮ್ಮ ಮೊಸರು ಸುರಿದು, ಬೆರಳಿನಿಂದ ನಿಧಾನವಾಗಿ ಕಲಸಿ, ಬಟ್ಟಲನ್ನು ಎದೆಯ ಹತ್ತಿರ ಹಿಡಿದು ಕಣ್ಣು ಮುಚ್ಚಿ ತೆರೆದು, ಮೊದಲ ತುತ್ತು ಎತ್ತಿದರು. ನುಂಗಿದರು. ಎರಡನೆಯದು ಎತ್ತಿದರು. ನಾನು ಉಸಿರು ಬಿಡುವಷ್ಟರಲ್ಲಿ ತಲೆ ಎತ್ತಿ ನನ್ನನ್ನು ನೋಡಿದರು.

"ಏನಪ್ಪ, ಊರೆಲ್ಲ ಹೊಗಳ್ತಾರೆ ನಿನ್ನ. ಅನ್ನಕ್ಕೆ ಉಪ್ಪೇ ಹಾಕಿಲ್ಲವಲ್ಲ."

ಬಿಳಿ ಅನ್ನಕ್ಕೆ ಯಾರೂ ಉಪ್ಪು ಹಾಕುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. "ತಪ್ಪಾಯ್ತಮ್ಮ, ಈಗ ತರ್ತೀನಿ" ಎಂದು ಹೇಳಿ ಉಪ್ಪು ತರಲು ಓಡಿದೆ.